ರೆಕ್ಕೆ ತುದಿಯ ಕೆಂಪು, ಹಸಿರು: ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ದೀಪ ಬಂದ ಕಥೆ

ಹೇರೋಹಳ್ಳಿಯಲ್ಲಿ ರಾತ್ರಿ ಊಟ ಮುಗಿಸಿ ಮಹಡಿ ಹತ್ತಿದರೆ ಮೊದಲಿನ ಹಾಗೆ ನಕ್ಷತ್ರ ಕಾಣುವುದಿಲ್ಲ. ಹಳ್ಳಿಯಾಗಿದ್ದ ಊರು ಬೆಂಗಳೂರಿಗೆ ಸೇರಿದೆ, ಮಾಗಡಿ ರಸ್ತೆಯ ಬೆಳಕು ಆಕಾಶವನ್ನು ಮಬ್ಬು ಮಾಡಿದೆ. ಆದರೂ ಒಂದು ಬೆಳಕು ಮಾತ್ರ ತಪ್ಪದೆ ಕಾಣುತ್ತದೆ. ಅದು ವಿಮಾನದ್ದು. ಒಂದು ಕೆಂಪು ಚುಕ್ಕೆ, ಒಂದು ಹಸಿರು ಚುಕ್ಕೆ, ನಡುವೆ ಫಕ್ ಫಕ್ ಎಂದು ಮಿನುಗುವ ಬಿಳಿ ಬೆಳಕು.

ಈ ದೀಪಗಳು ಯಾಕೆ? ಪೈಲಟ್‌ಗೆ ದಾರಿ ಕಾಣಲಿ ಎಂದೇ? ಅಲ್ಲ. ರೆಕ್ಕೆ ತುದಿಯ ಕೆಂಪು ದೀಪದಿಂದ ಪೈಲಟ್‌ಗೆ ಒಂದು ಗೇಣು ದಾರಿಯೂ ಕಾಣುವುದಿಲ್ಲ. ಆ ದೀಪ ಇರುವುದು ಬೇರೆಯವರಿಗಾಗಿ. 'ನಾನು ಇಲ್ಲಿದ್ದೇನೆ, ಇಂಥ ಕಡೆ ಹೋಗುತ್ತಿದ್ದೇನೆ' ಎಂದು ಇನ್ನೊಬ್ಬ ಪೈಲಟ್‌ಗೆ ಹೇಳುವುದಷ್ಟೇ ಅದರ ಕೆಲಸ.

ಕಂಪನಿಗಳು ಕಟ್ಟುವ ದೊಡ್ಡ ವಿಮಾನಕ್ಕೆ ದೀಪ ಹಾಕಲು ನೂರಾರು ಎಂಜಿನಿಯರುಗಳಿರುತ್ತಾರೆ. ಆದರೆ ಸ್ವಂತ ಶೆಡ್ಡಿನಲ್ಲಿ, ಗ್ಯಾರೇಜಿನಲ್ಲಿ ತಾವೇ ವಿಮಾನ ಕಟ್ಟುವವರೂ ಜಗತ್ತಿನಲ್ಲಿದ್ದಾರೆ. ರಾತ್ರಿ ಹಾರಬೇಕೆಂದರೆ ಅವರೂ ಇದೇ ದೀಪ ಹಾಕಬೇಕು. ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ನಮ್ಮ ಊರಿನ ಟ್ರ್ಯಾಕ್ಟರ್ ಟ್ರೇಲರಿಗೂ ಇದರಲ್ಲಿ ಒಂದು ಪಾಠವಿದೆ. ಅದಕ್ಕೇ ಈ ವಿಷಯ ಎತ್ತಿಕೊಂಡೆವು.

ಮೊದಲು ಬಂದದ್ದು ಹಡಗಿಗೆ

ಕೆಂಪು, ಹಸಿರು ದೀಪ ವಿಮಾನಕ್ಕಾಗಿ ಹುಟ್ಟಿದ್ದಲ್ಲ, ಹಡಗಿನಿಂದ ಬಂದದ್ದು. ಉಗಿ ಎಂಜಿನ್ನಿನ ಹಡಗುಗಳು ಬಂದ ಮೇಲೆ ಗಾಳಿಗೆ ಕಾಯುವ ಕೆಲಸ ತಪ್ಪಿತು. ಕತ್ತಲಲ್ಲೂ ವೇಗವಾಗಿ ಓಡುವ ಹಡಗುಗಳು ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ಅಮೆರಿಕದಲ್ಲಿ 1838ರ ಕಾನೂನು, ರಾತ್ರಿ ಓಡುವ ಉಗಿ ಹಡಗಿನಲ್ಲಿ ದೀಪ ಇರಲೇಬೇಕು ಎಂದಿತು. ಆದರೆ ಬರೀ ಒಂದು ದೀಪ ಕಂಡರೆ 'ಅಲ್ಲಿ ಏನೋ ಇದೆ' ಎಂದು ಗೊತ್ತಾಗುತ್ತದೆಯೇ ಹೊರತು ಅದು ಎತ್ತ ಹೋಗುತ್ತಿದೆ ಎಂದು ತಿಳಿಯುವುದಿಲ್ಲ.

1848ರಲ್ಲಿ ಬ್ರಿಟನ್ ಇದಕ್ಕೊಂದು ಉಪಾಯ ಮಾಡಿತು. ಉಗಿ ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಕಂಬದ ಮೇಲೆ ಬಿಳಿ ದೀಪ ಇರಬೇಕು ಎಂದು ನಿಯಮವಾಯಿತು. ಈಗ ಬಣ್ಣ ನೋಡಿದರೆ ದಿಕ್ಕು ಗೊತ್ತಾಗುತ್ತದೆ. ಅಡ್ಡ ಹೋಗುವ ಹಡಗಿನ ಕೆಂಪು ಮಾತ್ರ ಕಂಡರೆ ಅದು ನಿಮ್ಮ ಎಡಗಡೆಗೆ ಹೋಗುತ್ತಿದೆ. ಹಸಿರು ಮಾತ್ರ ಕಂಡರೆ ಬಲಗಡೆಗೆ. ಎರಡೂ ಒಟ್ಟಿಗೆ ಕಂಡರೆ ನೇರ ನಿಮ್ಮ ಕಡೆಗೇ ಬರುತ್ತಿದೆ, ಹುಷಾರು.

ಇದರಲ್ಲಿ ಇನ್ನೊಂದು ಜಾಣತನವಿದೆ. ಎರಡು ವಿಮಾನ ಒಂದೇ ಎತ್ತರದಲ್ಲಿ ಅಡ್ಡಡ್ಡ ಬಂದಾಗ, ಯಾರ ಬಲಗಡೆ ಇನ್ನೊಂದು ವಿಮಾನ ಇದೆಯೋ ಅವರು ದಾರಿ ಬಿಡಬೇಕು ಎಂಬುದು ನಿಯಮ. ನಿಮ್ಮ ಬಲದಿಂದ ಅಡ್ಡ ಬರುವ ವಿಮಾನದ ಎಡ ರೆಕ್ಕೆ ನಿಮಗೆ ಕಾಣುತ್ತದೆ, ಅಂದರೆ ಕೆಂಪು. ಅವರಿಗೆ ನಿಮ್ಮ ಬಲ ರೆಕ್ಕೆ ಕಾಣುತ್ತದೆ, ಅಂದರೆ ಹಸಿರು. ಕೆಂಪು ಕಂಡವರು ದಾರಿ ಬಿಡುತ್ತಾರೆ, ಹಸಿರು ಕಂಡವರು ಮುಂದೆ ಹೋಗುತ್ತಾರೆ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗುತ್ತಾರೆ. ಪೊಲೀಸ್ ಇಲ್ಲ, ಸರ್ಕಲ್ ಇಲ್ಲ. ದೀಪವೇ ಸಿಗ್ನಲ್.

ದೀಪವಿಲ್ಲದ ಕಾಲ

ಮೊದಲ ವಿಮಾನಗಳೆಲ್ಲ ಒಂದು ಲೆಕ್ಕದಲ್ಲಿ ಮನೆಯಲ್ಲಿ ಕಟ್ಟಿದವೇ. 1903ರ ಡಿಸೆಂಬರ್ 17ರಂದು ಹಾರಿದ ರೈಟ್ ಸಹೋದರರು ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಬ್ರೆಜಿಲ್‌ನ ಸಾಂತೋಸ್ ಡ್ಯೂಮಾಂ ಬಿದಿರನ್ನೂ ಬಳಸಿ 'ಡೆಮ್ವಾಸೆಲ್' ಎಂಬ ಪುಟ್ಟ ವಿಮಾನ ಕಟ್ಟಿದರು. ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಅದರ ನಕ್ಷೆಯನ್ನು ಬಿಟ್ಟುಕೊಟ್ಟರು. 1910ರಲ್ಲಿ ಅಮೆರಿಕದ ಒಂದು ಜನಪ್ರಿಯ ಪತ್ರಿಕೆ ಆ ನಕ್ಷೆ ಅಚ್ಚು ಹಾಕಿತು.

ಅದೇ ಹೊತ್ತಿಗೆ ನಮ್ಮವರೊಬ್ಬರು ಈ ಕೆಲಸಕ್ಕೆ ಕೈ ಹಾಕಿದ್ದರು. ಮೈಸೂರಿನ ಎಸ್.ವಿ. ಸೆಟ್ಟಿ 1911-12ರ ಸುಮಾರಿಗೆ ಇಂಗ್ಲೆಂಡಿನ ಎ.ವಿ. ರೋ ಕಂಪನಿಯಲ್ಲಿ ವಿಮಾನ ಕಟ್ಟುವ ಕೆಲಸದಲ್ಲಿದ್ದರು, ಹಾರಾಟವನ್ನೂ ಕಲಿತರು. ಆಮೇಲೆ ಊರಿಗೆ ಮರಳಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದರು. 1918ರ ಇನ್‌ಫ್ಲುಯೆಂಜಾ ಅವರನ್ನು ಬಲಿ ತೆಗೆದುಕೊಂಡಿತು. ಇವತ್ತು ಅವರ ಹೆಸರು ಹೇಳುವವರು ಕಡಿಮೆ.

ಆ ಕಾಲದ ವಿಮಾನಗಳು ಕತ್ತಲಾಗುವ ಮೊದಲೇ ಇಳಿಯುತ್ತಿದ್ದವು, ಹಾಗಾಗಿ ದೀಪದ ಗೊಡವೆ ಇರಲಿಲ್ಲ. 1910ರ ಏಪ್ರಿಲ್‌ನಲ್ಲಿ ಲಂಡನ್‌ನಿಂದ ಮ್ಯಾಂಚೆಸ್ಟರ್‌ಗೆ ಹಾರುವ ಪಂದ್ಯ ನಡೆಯಿತು. ಹಿಂದೆ ಬಿದ್ದಿದ್ದ ಕ್ಲಾಡ್ ಗ್ರಹಾಂ ವೈಟ್, ಬೆಳಗಾಗುವವರೆಗೆ ಕಾಯದೆ ನಡುರಾತ್ರಿ ಕಳೆದ ಮೇಲೆ ಕತ್ತಲಲ್ಲೇ ವಿಮಾನ ಎಬ್ಬಿಸಿದರು. ಮೋಟಾರು ಕಾರುಗಳ ಮುಂದಿನ ದೀಪವೇ ಅವರಿಗೆ ಬೆಳಕು. ಪಂದ್ಯ ಗೆದ್ದದ್ದು ಫ್ರಾನ್ಸಿನ ಪೋಲಾಂ. ಆದರೆ ರಾತ್ರಿಯೂ ಹಾರಬಹುದು ಎಂಬುದು ಜನರಿಗೆ ಗೊತ್ತಾಯಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಪ್ಯಾರಿಸ್‌ನಲ್ಲಿ ವಿಮಾನಯಾನದ ಒಪ್ಪಂದವಾಯಿತು. ಹಡಗಿನ ಬಣ್ಣಗಳನ್ನೇ ವಿಮಾನಕ್ಕೂ ತಂದರು. ಎಡ ರೆಕ್ಕೆಗೆ ಕೆಂಪು, ಬಲ ರೆಕ್ಕೆಗೆ ಹಸಿರು, ಬಾಲಕ್ಕೆ ಬಿಳಿ. ಇವತ್ತಿಗೂ ಅದೇ. ಕೆಂಪು ದೀಪ ಮೂಗಿನ ನೇರದಿಂದ ಎಡಕ್ಕೆ 110 ಡಿಗ್ರಿವರೆಗೆ ಕಾಣಬೇಕು, ಹಸಿರು ಬಲಕ್ಕೆ 110 ಡಿಗ್ರಿವರೆಗೆ. ಉಳಿದ 140 ಡಿಗ್ರಿ ಹಿಂದಿನ ಬಿಳಿ ದೀಪದ್ದು. ಮೂರನ್ನೂ ಕೂಡಿದರೆ 360, ಅಂದರೆ ಪೂರ್ತಿ ಒಂದು ಸುತ್ತು. ಯಾವ ದಿಕ್ಕಿನಿಂದ ನೋಡಿದರೂ ಒಂದು ದೀಪ ಕಾಣಲೇಬೇಕು.

ಬೆಂಗಳೂರಿಗೆ ಬಂದ ಮನೆ ವಿಮಾನ

ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಅದೇ ಇವತ್ತಿನ ಎಚ್‌ಎಎಲ್. ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. 1958ರಲ್ಲಿ 'ಪುಷ್ಪಕ್' ಬಂತು. ಬಟ್ಟೆಯ ಹೊದಿಕೆಯ, ಇಬ್ಬರು ಕೂರುವ ಈ ವಿಮಾನದಲ್ಲಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನ ಹಾರಾಟ ಕಲಿತರು. ಇವೆಲ್ಲ ಕಾರ್ಖಾನೆಯ ವಿಮಾನಗಳು.

ಅತ್ತ ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಸ್ವಂತ ವಿಮಾನ ಕಟ್ಟುವವರ ಸಂಘ ಹುಟ್ಟುಹಾಕಿದರು. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ್ದರೆ ಅದು 'ಮನೆಯಲ್ಲಿ ಕಟ್ಟಿದ ವಿಮಾನ' ಎಂಬುದು ಅಲ್ಲಿನ ಲೆಕ್ಕ. ಇಂಥವರಿಗಾಗಿ ಬರ್ಟ್ ರುಟಾನ್ ಎಂಬ ಎಂಜಿನಿಯರ್ 'ಲಾಂಗ್ ಈಜಿ' ಎಂಬ ವಿಮಾನ ರೂಪಿಸಿದರು. ಅದು ಮೊದಲು ಹಾರಿದ್ದು 1979ರಲ್ಲಿ. ನೋಡಲು ವಿಚಿತ್ರ: ಸಣ್ಣ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ, ಫ್ಯಾನು ಕೊನೆಗೆ. ಫೋಮನ್ನು ಬಿಸಿ ತಂತಿಯಲ್ಲಿ ಕತ್ತರಿಸಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಎಪಾಕ್ಸಿ ಅಂಟು ಹಚ್ಚಿ ಗಟ್ಟಿ ಮಾಡಿದರೆ ರೆಕ್ಕೆ ತಯಾರು. ಅಚ್ಚು ಬೇಡ, ದೊಡ್ಡ ಯಂತ್ರ ಬೇಡ.

ಈ ಮನೆ ವಿಮಾನದ ವಿನ್ಯಾಸವೇ ಬೆಂಗಳೂರಿಗೆ ಬಂತು. ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, 1980ರ ದಶಕದಲ್ಲಿ ಲಾಂಗ್ ಈಜಿಯನ್ನು ಆಧರಿಸಿ 'ಎಲ್‌ಸಿಆರ್‌ಎ' ಎಂಬ ಸಂಶೋಧನಾ ವಿಮಾನ ಕಟ್ಟಿ ಹಾರಿಸಿತು. ಲೋಹ ಬಿಟ್ಟು ಗಾಜಿನ ನಾರಿನಲ್ಲಿ ವಿಮಾನ ಕಟ್ಟುವ ಕೆಲಸ ಮುಂದೆ 'ಹಂಸ'ದಲ್ಲೂ ನಡೆಯಿತು. ಹಂಸ ಮೊದಲು ಹಾರಿದ್ದು 1993ರಲ್ಲಿ. ಹಂಸ-3ಕ್ಕೆ 2000ನೇ ಇಸವಿಯಲ್ಲಿ ಡಿಜಿಸಿಎ ಪ್ರಮಾಣಪತ್ರ ಸಿಕ್ಕಿತು.

ಬೆಂಗಳೂರಿನಿಂದ ಹೊರದೇಶಕ್ಕೆ ಹೋದ ವಿಮಾನವೂ ಇದೆ. ಜೋಯೆಲ್ ಕೋಶ್ಲಾಂ ಎಂಬ ಫ್ರೆಂಚರು ಇಲ್ಲಿ ಕಟ್ಟಿದ 'ರಾಜಹಂಸ ಅಲ್ಟ್ರಾಲೈಟ್ಸ್' ಕಂಪನಿ 'ಎಕ್ಸ್-ಏರ್' ಎಂಬ ಹಗುರ ವಿಮಾನ ಮಾಡಿತು. ಪೈಪು, ಬಟ್ಟೆ, ಬೋಲ್ಟು ಎಲ್ಲ ಕಿಟ್ಟಿನಲ್ಲಿ ಬರುತ್ತದೆ. ಬ್ರಿಟನ್ನಿನಲ್ಲಿ ಈ ಕಿಟ್ ತರಿಸಿ, ತಾವೇ ಜೋಡಿಸಿ ಹಾರಿಸಿದವರಿದ್ದಾರೆ. ಅಲ್ಲಿಯವರ ಗ್ಯಾರೇಜಿನಲ್ಲಿ ಎದ್ದು ನಿಂತದ್ದು ನಮ್ಮ ಬೆಂಗಳೂರಿನ ಕೈಕೆಲಸ.

ಮುಂಬೈನಲ್ಲಿ ಪೈಲಟ್ ಅಮೋಲ್ ಯಾದವ್ ಮನೆಯ ಮಹಡಿ ಮೇಲೆಯೇ ಆರು ಸೀಟಿನ ವಿಮಾನ ಕಟ್ಟಿದರು. ಅದು 2016ರಲ್ಲಿ ಪ್ರದರ್ಶನಕ್ಕೆ ಬಂತು, 2017ರಲ್ಲಿ ನೋಂದಣಿ ಆಯಿತು.

ದೀಪ ಕೊನೆಯ ಕೆಲಸವಲ್ಲ

ಈಗ ಕೈಕೆಲಸದ ವಿಷಯಕ್ಕೆ ಬರೋಣ. ಹೇರೋಹಳ್ಳಿ, ಸುಂಕದಕಟ್ಟೆ, ಪೀಣ್ಯ ಕಡೆ ಲೇತು, ವೈಂಡಿಂಗ್, ವೈರಿಂಗ್ ಕೆಲಸ ಮಾಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ವಿಮಾನ ಪೂರ್ತಿ ಕಟ್ಟಿ, ಬಣ್ಣ ಹೊಡೆದು, ಕೊನೆಗೆ ದೀಪ ಸಿಕ್ಕಿಸಿದರಾಯಿತು ಎಂದುಕೊಂಡವರು ಕೆಡುತ್ತಾರೆ. ಮನೆಗೆ ಮೋಲ್ಡ್ ಹಾಕುವ ಮೊದಲೇ ಕರೆಂಟಿನ ಪೈಪು ಹಾಕುತ್ತೇವಲ್ಲ, ಇದೂ ಹಾಗೆಯೇ. ಫೋಮಿನ ರೆಕ್ಕೆಗೆ ಬಟ್ಟೆ ಹೊದಿಸುವ ಮೊದಲೇ ವೈರು ಹೋಗಲು ಕಾಲುವೆ ಕೊರೆದಿರಬೇಕು, ಇಲ್ಲವೇ ಪೈಪು ಕೂರಿಸಿರಬೇಕು. ಮರೆತರೆ ಒಳ್ಳೆಯ ರೆಕ್ಕೆಯನ್ನೇ ಕುಯ್ಯಬೇಕಾಗುತ್ತದೆ. ಲೋಹದ ರೆಕ್ಕೆಯಾದರೆ ಒಳಗಿನ ಪಟ್ಟಿಗಳಲ್ಲಿ ತೂತು ಕೊರೆದು, ಅಂಚು ವೈರನ್ನು ಕುಯ್ಯದ ಹಾಗೆ ರಬ್ಬರ್ ಬುಶ್ ಹಾಕಬೇಕು. ಇಲ್ಲದಿದ್ದರೆ ಎಂಜಿನ್ನಿನ ಅದುರಿಕೆಗೆ ವೈರಿನ ಮೇಲಿನ ಹೊದಿಕೆ ತೇಯ್ದು ಶಾರ್ಟ್ ಆಗುತ್ತದೆ.

ಎರಡನೆಯದು ಅರ್ತ್. ಟ್ರ್ಯಾಕ್ಟರಿನಲ್ಲಿ ಬಲ್ಬಿಗೆ ಒಂದೇ ವೈರು ಕೊಟ್ಟು, ಅರ್ತನ್ನು ಬಾಡಿಗೆ ಬಿಡುತ್ತೇವೆ. ಲೋಹದ ವಿಮಾನದಲ್ಲೂ ಹೀಗೆ ಮಾಡಬಹುದು. ಆದರೆ ಗಾಜಿನ ನಾರಿನಲ್ಲಿ ಕರೆಂಟು ಹರಿಯುವುದಿಲ್ಲ. ಲಾಂಗ್ ಈಜಿ ಥರದ ವಿಮಾನದಲ್ಲಿ ರೆಕ್ಕೆ ತುದಿಯಿಂದ ಬ್ಯಾಟರಿಯವರೆಗೆ ಅರ್ತಿಗೂ ಬೇರೆ ವೈರು ಎಳೆಯಬೇಕು. ಎರಡು ವೈರು ಎಂದರೆ ಎರಡರಷ್ಟು ತೂಕ. ವಿಮಾನದಲ್ಲಿ ಗ್ರಾಂ ಗ್ರಾಮಿಗೂ ಲೆಕ್ಕ.

ಲಾಂಗ್ ಈಜಿಗೆ ಬಾಲವೇ ಇಲ್ಲ, ಹಿಂದೆ ಇರುವುದು ಫ್ಯಾನು. ಹಿಂದಿನ ಬಿಳಿ ದೀಪ ಎಲ್ಲಿಡುವುದು? ರೆಕ್ಕೆ ತುದಿಯಲ್ಲೇ ಕೆಂಪು, ಹಸಿರಿನ ಜೊತೆಗೆ ಬಿಳಿ ದೀಪವನ್ನೂ ಹಿಮ್ಮುಖವಾಗಿ ಕೂರಿಸುತ್ತಾರೆ. ಕೋನ ಸರಿ ಬರಬೇಕು, ಪೈಲಟ್‌ನ ಕಣ್ಣಿಗೆ ಹೊಡೆಯಬಾರದು.

ಮೂರನೆಯದು ಕರೆಂಟಿನ ಲೆಕ್ಕ. ಸಣ್ಣ ವಿಮಾನಗಳಲ್ಲಿ ಹೆಚ್ಚು ಬಳಸುವ ರೋಟ್ಯಾಕ್ಸ್ 912 ಎಂಜಿನ್ನಿನ ಒಳಗಿನ ಜನರೇಟರ್ ಕೊಡುವುದು ಸುಮಾರು 250 ವ್ಯಾಟ್. ಹಳೆಯ ಕಾಲದ ಬಲ್ಬು ಒಂದಕ್ಕೆ ಸುಮಾರು 26 ವ್ಯಾಟ್, ಮೂರಕ್ಕೆ 78. ಇಳಿಯುವಾಗ ನೆಲ ಕಾಣಲು ಹಾಕುವ ಲ್ಯಾಂಡಿಂಗ್ ಲೈಟಿಗೆ 100. ಅಲ್ಲಿಗೇ 178 ಆಯಿತು. ಇನ್ನು ರೇಡಿಯೋಗೆ, ಬ್ಯಾಟರಿ ಚಾರ್ಜಿಗೆ, ಪಂಪಿಗೆ ಉಳಿದದ್ದು ಎಷ್ಟು? ಎಲ್‌ಇಡಿ ಬಂದ ಮೇಲೆ ಈ ತಲೆನೋವು ಬಹಳ ಕಡಿಮೆಯಾಯಿತು. ಕಡಿಮೆ ಕರೆಂಟು ಸಾಕು, ಹಾಗಾಗಿ ಸಣ್ಣ ವೈರೂ ಸಾಕು. ಮನೆಯಲ್ಲಿ ವಿಮಾನ ಕಟ್ಟುವವರಿಗೆ ಎಲ್‌ಇಡಿ ಮಾಡಿದಷ್ಟು ಉಪಕಾರ ಬೇರೆ ದೀಪ ಮಾಡಿಲ್ಲ.

ಫ್ಯೂಸು ಇರುವುದು ದೀಪವನ್ನು ಕಾಯಲು ಅಲ್ಲ, ವೈರನ್ನು ಕಾಯಲು. ವೈರಿನ ದಪ್ಪಕ್ಕೆ ತಕ್ಕ ಫ್ಯೂಸು ಹಾಕಬೇಕು. ರೆಕ್ಕೆ ಬಿಚ್ಚಿ ತೆಗೆಯುವ ಜಾಗದಲ್ಲಿ ಗಟ್ಟಿ ಪ್ಲಗ್ ಬೇಕು. ದೀಪದ ವೈರು ದಿಕ್ಸೂಚಿಯ ಹತ್ತಿರ ಹಾದು ಹೋದರೆ ಮುಳ್ಳು ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೇ ಹೋಗುವ ವೈರು, ಬರುವ ವೈರು ಎರಡನ್ನೂ ಹೆಣೆದು ಎಳೆಯುತ್ತಾರೆ. ದೀಪ ಹಾಕಿ, ಆರಿಸಿ, ಮುಳ್ಳು ಅಲುಗುತ್ತದೆಯೇ ಎಂದು ನೆಲದ ಮೇಲೇ ನೋಡುತ್ತಾರೆ.

ಮಿನುಗುವ ದೀಪ

ನಾವು ಮಹಡಿ ಮೇಲಿಂದ ಮೊದಲು ಗುರುತಿಸುವುದು ಮಿನುಗುವ ಬೆಳಕನ್ನು. ಅದು ಬಂದದ್ದು ತಡವಾಗಿ. 1950ರ ದಶಕದಲ್ಲಿ ವಿಮಾನಗಳ ವೇಗ ಹೆಚ್ಚಿತು, ಬಣ್ಣ ನೋಡಿ ದಿಕ್ಕು ತಿಳಿಯುವಷ್ಟರಲ್ಲಿ ಎರಡೂ ಹತ್ತಿರ ಬಂದುಬಿಡುತ್ತಿದ್ದವು. ಆಗ ತಿರುಗುವ ಕೆಂಪು ದೀಪ ಬಂತು. ಆಮೇಲೆ ಬಂದದ್ದು ಬಿಳಿ ಸ್ಟ್ರೋಬ್. ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಫೋಟೊ ತೆಗೆಯಲು ಬೆಳೆಸಿದ ಎಲೆಕ್ಟ್ರಾನಿಕ್ ಫ್ಲ್ಯಾಶಿನ ವಿದ್ಯೆಯೇ ಇದು. ಗಾಜಿನ ಕೊಳವೆಯಲ್ಲಿ ಝೆನಾನ್ ಅನಿಲ, ಅದಕ್ಕೆ ನೂರಾರು ವೋಲ್ಟಿನ ಹೊಡೆತ. ನಿಮಿಷಕ್ಕೆ 40ರಿಂದ 100 ಬಾರಿ ಮಿನುಗಬೇಕು ಎಂದು ನಿಯಮ.

ಸ್ಟ್ರೋಬಿನ ವೈರನ್ನು ಸರಿಯಾಗಿ ಮುಚ್ಚದಿದ್ದರೆ ರೇಡಿಯೋದಲ್ಲಿ ಟಕ್ ಟಕ್ ಸದ್ದು ಬರುತ್ತದೆ. ಮೋಡದೊಳಗೆ ಹೊಕ್ಕರೆ ಆ ಬೆಳಕು ತಿರುಗಿ ಪೈಲಟ್‌ನ ಕಣ್ಣಿಗೇ ಬಂದು ತಲೆ ಸುತ್ತಿಸುತ್ತದೆ, ಆಗ ಆರಿಸಬೇಕು.

ಎಕ್ಸ್-ಏರ್‌ನಂಥ ಮೈಕ್ರೋಲೈಟುಗಳು ಹಗಲು ಮಾತ್ರ ಹಾರುವಂಥವು. ಅವಕ್ಕೆ ಕೆಂಪು, ಹಸಿರು ದೀಪದ ಕಡ್ಡಾಯವಿಲ್ಲ. ಆದರೂ ಎಷ್ಟೋ ಜನ ತಮ್ಮ ಖರ್ಚಿನಲ್ಲಿ ಸ್ಟ್ರೋಬ್ ಹಾಕಿಸುತ್ತಾರೆ. ಯಾಕೆಂದರೆ ಹಗಲೂ ಡಿಕ್ಕಿಯಾಗುತ್ತದೆ. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಹಗಲಲ್ಲೇ ಡಿಕ್ಕಿಯಾಗಿ 128 ಜನ ಸತ್ತರು.

ದೀಪ ಇದ್ದರೆ ಎಲ್ಲವೂ ಸರಿ ಎಂದು ಹೇಳಲು ಬರುವುದಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಒಂದು ವಿಮಾನ ತನಗೆ ಹೇಳಿದ ಎತ್ತರದಲ್ಲಿ ಉಳಿಯಲಿಲ್ಲ. ಆ ವೇಗದಲ್ಲಿ ಕಣ್ಣು, ದೀಪ ಸಾಲುವುದಿಲ್ಲ. ಅದಕ್ಕೇ ಒಂದನ್ನೊಂದು ತಾನೇ ಪತ್ತೆ ಮಾಡಿ ಎಚ್ಚರಿಸುವ ಯಂತ್ರವನ್ನು ಆಮೇಲೆ ಕಡ್ಡಾಯ ಮಾಡಿದರು. ಆದರೆ ಗ್ಯಾರೇಜಿನಲ್ಲಿ ಕಟ್ಟಿ ನಿಧಾನವಾಗಿ ಹಾರುವ ಸಣ್ಣ ವಿಮಾನಕ್ಕೆ ಇವತ್ತಿಗೂ ಕಣ್ಣು ಮತ್ತು ದೀಪವೇ ದೊಡ್ಡ ಆಸರೆ.

ನಮ್ಮ ರಸ್ತೆಯ ಮಾತು

ಇಷ್ಟು ಬರೆದು ನಾವು ನೆಲಕ್ಕೆ ಇಳಿಯಲೇಬೇಕು. ಕಬ್ಬು ಕಡಿಯುವ ಕಾಲ ಬಂದರೆ ಜಿಲ್ಲೆಗಳಲ್ಲಿ ಸುದ್ದಿ ಬರೆಯುವ ನಮಗೆ ಒಂದು ಸುದ್ದಿ ಮತ್ತೆ ಮತ್ತೆ ಬರುತ್ತದೆ. ರಾತ್ರಿ ಹೊತ್ತು, ಹಿಂದೆ ದೀಪವಿಲ್ಲದ ಟ್ರೇಲರು, ಬೈಕಿನಲ್ಲಿ ಬಂದವನಿಗೆ ಕಾಣಲಿಲ್ಲ. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಸುದ್ದಿ ಅದೇ.

ನಮ್ಮ ಅಜ್ಜಂದಿರು ರಾತ್ರಿ ಗಾಡಿ ಕಟ್ಟಿದಾಗ ಕೆಳಗೆ ಲಾಟೀನು ನೇತು ಹಾಕುತ್ತಿದ್ದರು. ಎತ್ತಿಗೆ ದಾರಿ ಗೊತ್ತು. ಲಾಟೀನು ಇದ್ದದ್ದು ಬಹುಪಾಲು ಎದುರು, ಹಿಂದೆ ಬರುವವರಿಗಾಗಿ. ಟ್ರ್ಯಾಕ್ಟರ್ ಬಂದ ಮೇಲೆ ಮುಂದಿನ ದೀಪ ಜೋರಾಯಿತು, ಹಿಂದಿನದನ್ನು ಮರೆತೆವು. ಮುಂದಿನ ದೀಪ ನಮಗೆ ಕಾಣಲು, ಹಿಂದಿನ ದೀಪ ನಾವು ಕಾಣಲು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ದೀಪದ ಮಾತೂ ಇದೆ, ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟರಿನ ಮಾತೂ ಇದೆ. ನಿಯಮಕ್ಕೇನೂ ಕೊರತೆಯಿಲ್ಲ.

ಟ್ರೇಲರಿನ ದೀಪ ಯಾಕೆ ಕೆಡುತ್ತದೆ ಎಂದು ಯಾವ ಮೆಕ್ಯಾನಿಕ್‌ನನ್ನಾದರೂ ಕೇಳಿ. ಕೊಕ್ಕೆಯ ಹತ್ತಿರ ಪ್ಲಗ್ ಕಿತ್ತಿದೆ, ವೈರು ತೇಯ್ದಿದೆ, ತುಕ್ಕು ಹಿಡಿದು ಅರ್ತ್ ಹೋಗಿದೆ ಎನ್ನುತ್ತಾನೆ. ಮನೆಯಲ್ಲಿ ವಿಮಾನ ಕಟ್ಟುವವನು ರೆಕ್ಕೆಯ ಬುಡದಲ್ಲಿ ಹೆದರುವುದೂ ಇದಕ್ಕೇ: ಪ್ಲಗ್, ತೇಯ್ದ ವೈರು, ಅರ್ತ್. ಅವನು ಹಾರುವ ಮೊದಲು ಪ್ರತಿ ಸಲ ಸುತ್ತು ಹಾಕಿ ನೋಡುತ್ತಾನೆ. ನಾವು ಲೋಡು ಹಾಕಿ, ಹಗ್ಗ ಬಿಗಿದು ಹೊರಟುಬಿಡುತ್ತೇವೆ.

ಈ ಸಲ ಹೊರಡುವ ಮೊದಲು ಒಂದು ಸುತ್ತು ಹಾಕಿ. ಅರ್ತನ್ನು ಕೊಕ್ಕೆಗೆ ನಂಬಿ ಬಿಡದೆ ಬೇರೆ ವೈರು ಎಳೆಸಿ. ಬಲ್ಬು ಬದಲು ಎಲ್‌ಇಡಿ ಹಾಕಿಸಿ. ಕಬ್ಬು ಹಿಂದಕ್ಕೆ ಚಾಚಿ ದೀಪ ಮುಚ್ಚಿದೆಯೇ ನೋಡಿ. ಹಿಂದೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿ, ಮಣ್ಣು ಕೂತಿದ್ದರೆ ಒರೆಸಿ. ಆಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತು, ಬೈಕಿನಲ್ಲಿ ಬರುವವನ ಕಣ್ಣಿನಿಂದ ನಿಮ್ಮ ಗಾಡಿಯನ್ನು ಒಮ್ಮೆ ನೋಡಿ.